ಎಲ್ಲೋ ಒಂದು ಪ್ರತಿ

ಶನಿವಾರ ರಾತ್ರಿ ಹತ್ತಕ್ಕೆ ಪುಣೆಯ ನಮ್ಮ ಮನೆಯಲ್ಲಿ ಒಂದು ಸಣ್ಣ ವ್ರತ ನಡೆಯುತ್ತದೆ. ಹಾಲ್‌ನ ಪರದೆ ಎಳೆಯುತ್ತೇನೆ. ವೈಫೈ ರೌಟರಿನ ಹಸಿರು ದೀಪದ ಮೇಲೆ ಕಪ್ಪು ಟೇಪು ಅಂಟಿಸಿದ್ದೇನೆ, ಅದು ಕಾಯಂ. ಹಳೆಯ ಸಿನಿಮಾವನ್ನೂ ಧಾರಾವಾಹಿಯ ಹಾಗೆ ನುಣ್ಣಗೆ ಕಾಣಿಸುವ ಒಂದು ಸೆಟ್ಟಿಂಗ್ ಟಿವಿಯಲ್ಲಿ ಇರುತ್ತದಲ್ಲ, ಅದನ್ನು ಆಫ್ ಮಾಡುತ್ತೇನೆ. ಆಮೇಲೆ 1940ರ ದಶಕದ ಯಾವುದೋ ಅಮೆರಿಕನ್ ಊರಿನ ಒದ್ದೆ ರಸ್ತೆಯಲ್ಲಿ ಒಬ್ಬ ಮನುಷ್ಯ ಕೋಟಿನ ಕಾಲರ್ ಎತ್ತಿಕೊಂಡು ಹೊರಡುತ್ತಾನೆ. ಅವನಿಗೆ ಒಳ್ಳೆಯದಾಗುವುದಿಲ್ಲ ಎಂದು ನನಗೆ ಗೊತ್ತು. ಹೆಂಡತಿಗೂ ಗೊತ್ತು. ಅವಳು ಒಳಗೆ ಹೋಗಿ ಮಲಗುತ್ತಾಳೆ.

ಈ ಸಿನಿಮಾಗಳಿಗೆ ಫಿಲ್ಮ್ ನ್ವಾರ್ ಎಂದು ಹೆಸರು. ನ್ವಾರ್ ಎಂದರೆ ಫ್ರೆಂಚಿನಲ್ಲಿ ಕಪ್ಪು. ಇವನ್ನು ತೆಗೆದವರಿಗೆ ತಾವು ನ್ವಾರ್ ತೆಗೆಯುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಹಾಲಿವುಡ್ಡಿನ ಲೆಕ್ಕದಲ್ಲಿ ಅವು ಮೆಲೋಡ್ರಾಮಾಗಳು, ಇಲ್ಲವೇ ಕ್ರೈಮ್ ಚಿತ್ರಗಳು. ಹೆಸರು ಇಟ್ಟದ್ದು ಪ್ಯಾರಿಸ್. ಜರ್ಮನ್ನರು ಫ್ರಾನ್ಸನ್ನು ಹಿಡಿದಿದ್ದ ವರ್ಷಗಳಲ್ಲಿ ಅಲ್ಲಿಗೆ ಅಮೆರಿಕದ ಸಿನಿಮಾ ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ 'ದಿ ಮಾಲ್ಟೀಸ್ ಫಾಲ್ಕನ್', 'ಡಬಲ್ ಇಂಡೆಮ್ನಿಟಿ', 'ಲಾರಾ' ಎಲ್ಲ ಒಟ್ಟಿಗೆ ಬಂದಿಳಿದವು. ಒಂದೊಂದಾಗಿ ನೋಡಿದ್ದರೆ ಕಾಣುತ್ತಿರಲಿಲ್ಲವೇನೋ, ಒಟ್ಟಿಗೆ ನೋಡಿದವರಿಗೆ ಅವುಗಳ ಬಣ್ಣ ಒಂದೇ ಎಂದು ಹೊಳೆಯಿತು. 1946ರ ಆಗಸ್ಟಿನಲ್ಲಿ ನಿನೋ ಫ್ರಾಂಕ್ ಎಂಬ ವಿಮರ್ಶಕ ಆ ಪದವನ್ನು ಬಳಸಿ ಬರೆದ. 1955ರಲ್ಲಿ ಬೋರ್ಡ್ ಮತ್ತು ಶೋಮೆತೋಂ ಇಬ್ಬರೂ ಸೇರಿ ಪುಸ್ತಕವನ್ನೇ ತಂದರು.

ಆ ಕಪ್ಪು ಬಂದದ್ದು ಬರೀ ಕಲೆಯ ಹಂಬಲದಿಂದಲ್ಲ. ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು ಬಂದ ಬಿಲ್ಲಿ ವೈಲ್ಡರ್, ಫ್ರಿಟ್ಜ್ ಲ್ಯಾಂಗ್, ರಾಬರ್ಟ್ ಸಿಯೋಡ್ಮಾಕ್‌ರಂಥವರು ಬರ್ಲಿನ್ನಿನ ನೆರಳನ್ನು ಜೊತೆಗೆ ತಂದಿದ್ದು ನಿಜ. ಆದರೆ ಯುದ್ಧಕಾಲದಲ್ಲಿ ಹೊಸ ಸೆಟ್ಟಿಗೆ ಬೇಕಾದ ಸಾಮಾನಿಗೆ ಒಂದು ಚಿತ್ರಕ್ಕೆ 5,000 ಡಾಲರ್ ಎಂಬ ಮಿತಿಯನ್ನೂ ಸರ್ಕಾರ ಹೇರಿತ್ತು. ಗೋಡೆ ಕಟ್ಟಲು ದುಡ್ಡಿಲ್ಲದ ಕಡೆ ಕತ್ತಲು ಗೋಡೆಯಾಯಿತು. ಪ್ರಾಜೆಕ್ಟ್ ನಡೆಸಿ ಹೊಟ್ಟೆ ಹೊರೆಯುವ ನನಗೆ ಇದು ಬಹಳ ಪ್ರಿಯವಾದ ಸಂಗತಿ. ಬಜೆಟ್ ಕಡಿಮೆಯಾದಾಗ ನಾವು ಕೆಟ್ಟ ಸಾಫ್ಟ್‌ವೇರ್ ಬರೆದೆವು. ಅವರು ಒಂದು ಶೈಲಿಯನ್ನೇ ಮಾಡಿಕೊಂಡರು.

ನನಗೆ ಇದರ ಗೀಳು ಹತ್ತಿದ್ದು ಎಂಟೆಕ್ ಹಾಸ್ಟೆಲಿನಲ್ಲಿ. ಯಾರೋ ಕೊಟ್ಟ ಸಿಡಿಯಲ್ಲಿ 1950ರ 'ಡಿ.ಓ.ಎ.' ಇತ್ತು. ಒಬ್ಬ ಪೊಲೀಸ್ ಠಾಣೆಗೆ ಬಂದು ಕೊಲೆಯಾಗಿದೆ ಎನ್ನುತ್ತಾನೆ, ಯಾರದ್ದು ಎಂದರೆ ತನ್ನದೇ ಎನ್ನುತ್ತಾನೆ. ಇಂಥ ಆರಂಭ ನೋಡಿದ ಮೇಲೆ ಎದ್ದುಹೋಗುವುದು ಹೇಗೆ? ಚಿತ್ರ ಮಾತ್ರ ಮಸಿಯಲ್ಲಿ ಅದ್ದಿ ತೆಗೆದ ಹಾಗಿತ್ತು, ಮುಖ ಎಲ್ಲಿ ಮುಗಿದು ಟೋಪಿ ಎಲ್ಲಿ ಶುರುವಾಗುತ್ತದೋ ತಿಳಿಯುತ್ತಿರಲಿಲ್ಲ. ನ್ವಾರ್ ಎಂದರೆ ಹಾಗೆಯೇ ಇರಬೇಕು ಎಂದುಕೊಂಡಿದ್ದೆ.

ಕಾರಣ ಆಮೇಲೆ ತಿಳಿಯಿತು. ಅಮೆರಿಕದ ಆಗಿನ ಕಾನೂನಿನಲ್ಲಿ ಹಕ್ಕುಸ್ವಾಮ್ಯ 28 ವರ್ಷಕ್ಕೆ ಮುಗಿಯುತ್ತಿತ್ತು, ಬೇಕಿದ್ದರೆ ನವೀಕರಿಸಬೇಕಿತ್ತು. 'ಡಿ.ಓ.ಎ.'ಗೂ, 1945ರ 'ಡಿಟೂರ್'ಗೂ ಯಾರೂ ನವೀಕರಿಸಲಿಲ್ಲ. ವಾರಸುದಾರರಿಲ್ಲದ ಚಿತ್ರವನ್ನು ಯಾರು ಬೇಕಾದರೂ ಮಾರಬಹುದು. ಪ್ರತಿಯ ಪ್ರತಿ, ಅದರ ಪ್ರತಿ ಎಂದು ಸವೆಯುತ್ತ ಅದು ಹಾಸ್ಟೆಲಿನ ತನಕ ಬಂತು. ಒಳ್ಳೆಯ ಪ್ರಿಂಟು ತೆಗೆಯುವ ಗರಜು ಯಾರಿಗೂ ಇರಲಿಲ್ಲ. ಆದರೆ ಹಾಗೆ ಸವೆದು ಬಂದದ್ದರಿಂದಲೇ ನನ್ನಂಥವರು ಅದನ್ನು ನೋಡಿದ್ದು ಎಂಬುದನ್ನೂ ಮರೆಯುವಂತಿಲ್ಲ. ಅದಕ್ಕೂ ಮೊದಲು, 1950ರ ದಶಕದ ಕೊನೆಗೆ ಸ್ಟುಡಿಯೋಗಳು ತಮ್ಮ ಹಳೆಯ ಚಿತ್ರಗಳನ್ನು ಟಿವಿಗಾಗಿ ಸಗಟಾಗಿ ಮಾರಿದ್ದವು. ಪ್ಯಾರಮೌಂಟ್ ತೆಗೆದ 'ಡಬಲ್ ಇಂಡೆಮ್ನಿಟಿ' ಯೂನಿವರ್ಸಲ್ ಪಾಲಾದದ್ದು ಹಾಗೆ. ಟಾಕೀಸಿನಲ್ಲಿ ಕಾಲ ಮುಗಿದ ಚಿತ್ರಗಳು ಅಮೆರಿಕದ ಮನೆಗಳಲ್ಲಿ ಮಧ್ಯರಾತ್ರಿಯ ಟಿವಿಯಲ್ಲಿ ಬದುಕಿದವು.

ಥಿಯೇಟರಿನಲ್ಲಿ ನ್ವಾರ್ ನೋಡುವ ಯೋಗ ನನಗೆ ಬಂದದ್ದು 2015ರ ಜನವರಿಯಲ್ಲಿ. ಕೆಲಸದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿದ್ದೆ. ಅಲ್ಲಿನ ಕ್ಯಾಸ್ಟ್ರೋ ಥಿಯೇಟರಿನಲ್ಲಿ ಆಗ 'ನ್ವಾರ್ ಸಿಟಿ' ಎಂಬ ಉತ್ಸವ ನಡೆಯುತ್ತಿತ್ತು. ಕ್ಯಾಸ್ಟ್ರೋ 1922ರಲ್ಲಿ ಕಟ್ಟಿದ್ದು, ಸುಮಾರು 1,400 ಸೀಟು, ಪರದೆ ಏಳುವ ಮೊದಲು ಆರ್ಗನ್ ವಾದ್ಯ. ಉತ್ಸವವನ್ನು 2003ರಲ್ಲಿ ಶುರುಮಾಡಿದವರು ಎಡ್ಡಿ ಮುಲ್ಲರ್. ಆ ಸಲ ಆರಂಭದ ಚಿತ್ರ 1950ರ 'ವುಮನ್ ಆನ್ ದಿ ರನ್'. ಅದರ ಕಥೆಗಿಂತ ಅದರ ಪ್ರಿಂಟಿನ ಕಥೆ ದೊಡ್ಡದು.

ನಾರ್ಮನ್ ಫಾಸ್ಟರ್ ನಿರ್ದೇಶಿಸಿದ ಆ ಚಿತ್ರ ಸಣ್ಣ ಸ್ವತಂತ್ರ ಕಂಪನಿಯದ್ದು. ಯೂನಿವರ್ಸಲ್ ಬರೀ ಹಂಚಿಕೆದಾರ. ಬಿಡುಗಡೆಯಾಯಿತು, ಹೋಯಿತು, ಮರೆತರು. 2003ರ ಮೊದಲ ಉತ್ಸವಕ್ಕಾಗಿ ಮುಲ್ಲರ್ ಯೂನಿವರ್ಸಲ್ ಉಗ್ರಾಣದಲ್ಲಿದ್ದ ಒಂದು ಪ್ರಿಂಟನ್ನು ಹೊರಗೆ ತರಿಸಿ ತೋರಿಸಿದರು. ಜನ ಮೆಚ್ಚಿದರು. ಪ್ರಿಂಟು ವಾಪಸ್ ಹೋಯಿತು. 2008ರ ಜೂನ್ 1ರಂದು ಯೂನಿವರ್ಸಲ್ ಸ್ಟುಡಿಯೋಗೆ ಬೆಂಕಿ ಬಿತ್ತು, ಆ ಪ್ರಿಂಟು ಸುಟ್ಟುಹೋಯಿತು.

ಆದರೆ ಪ್ರಿಂಟು ಕೈಯಲ್ಲಿದ್ದಾಗಲೇ ಮುಲ್ಲರ್ ಅದರ ಒಂದು ಡಿಜಿಟಲ್ ನಕಲು ಮಾಡಿಕೊಂಡಿದ್ದರು. ಯಾರ ಅನುಮತಿಯನ್ನೂ ಕೇಳಿರಲಿಲ್ಲ. ನಮ್ಮ ಆಫೀಸಿನಲ್ಲಿ ಹೀಗೆ ಮಾಡಿದರೆ ಸೆಕ್ಯುರಿಟಿಯವರು ಲ್ಯಾಪ್‌ಟಾಪ್ ಕಿತ್ತುಕೊಳ್ಳುತ್ತಾರೆ. ಆದರೂ ಇಪ್ಪತ್ತು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಡೇಟಾ ಹೋದ ದಿನ ಕಾಪಾಡುವುದು ನಿಯಮ ಮೀರಿ ಯಾರೋ ಇಟ್ಟುಕೊಂಡ ಕಾಪಿಯೇ. ಆಮೇಲೆ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸಂಗ್ರಹದಲ್ಲಿ ಈ ಚಿತ್ರದ ರೀಲುಗಳು ಇರುವುದು ಪತ್ತೆಯಾಯಿತು. ಅವುಗಳಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಆರ್ಕೈವ್ ಹೊಸದಾಗಿ 35 ಎಂಎಂ ಚಿತ್ರ ತಯಾರಿಸಿತು. ಮುಲ್ಲರ್ ಕಟ್ಟಿದ ಫಿಲ್ಮ್ ನ್ವಾರ್ ಫೌಂಡೇಶನ್ ಇದರ ಬೆನ್ನಿಗಿತ್ತು. ಉತ್ಸವದ ಟಿಕೆಟ್ಟಿನ ಹಣ ಇಂಥ ಕೆಲಸಕ್ಕೇ ಹೋಗುತ್ತದೆ.

ಅವತ್ತು ಕ್ಯಾಸ್ಟ್ರೋದಲ್ಲಿ ಮೊದಲು ಬೆರಗಾದದ್ದು ಕಪ್ಪನ್ನು ನೋಡಿ. ಒಂದು ಕಪ್ಪಲ್ಲ, ಹತ್ತಾರು ಕಪ್ಪು: ಕೋಟಿನದು ಬೇರೆ, ಬಾಗಿಲ ಸಂದಿನದು ಬೇರೆ, ರಾತ್ರಿಯ ಸಮುದ್ರದ್ದು ಬೇರೆ. ಹಾಸ್ಟೆಲಿನಲ್ಲಿ ನಾನು ನೋಡಿದ್ದು ಕತ್ತಲಲ್ಲ, ಸವೆತ. ಇನ್ನೊಂದು ಬೆರಗು ಜನರದ್ದು. ಚಿತ್ರ ನಡೆಯುವುದು ಅದೇ ಊರಿನಲ್ಲಿ, ಹೆಚ್ಚಿನ ಭಾಗ ಅಲ್ಲಿನ ಬೀದಿಗಳಲ್ಲೇ ತೆಗೆದದ್ದು. ಕೊನೆಯ ಜಾತ್ರೆ ಮೈದಾನದ ದೃಶ್ಯ ಮಾತ್ರ ದೂರದ ಸಾಂಟಾ ಮೋನಿಕಾದ್ದು. ಅದು ಬಂದಾಗ 'ಇದು ನಮ್ಮೂರಲ್ಲ' ಎಂಬಂತೆ ಸಭೆ ನಕ್ಕಿತು. ಮನೆಯಲ್ಲಿ ಒಬ್ಬನೇ ನೋಡುವಾಗ ಆ ನಗು ಎಲ್ಲಿಂದ ಬರಬೇಕು? ಈಗ ಆ ಉತ್ಸವ ಕ್ಯಾಸ್ಟ್ರೋ ಬಿಟ್ಟು ಓಕ್ಲೆಂಡಿಗೆ ಹೋಗಿದೆ.

ಪುಣೆಗೆ ವಾಪಸಾದ ಮೇಲೆ ಒಂದು ತಾರೀಖು ನನ್ನನ್ನು ಕಾಡಿತು. ಅಲ್ಲಿ ಮುಲ್ಲರ್ ಆ ಪ್ರಿಂಟು ತೋರಿಸಿದ 2003ರ ಜನವರಿಯಲ್ಲೇ, ಇಲ್ಲಿ, ನನ್ನ ಮನೆಯಿಂದ ಅರ್ಧ ಗಂಟೆ ದಾರಿಯಲ್ಲಿ, ಫಿಲ್ಮ್ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ರೀಲುಗಳ ಉಗ್ರಾಣಕ್ಕೆ ಬೆಂಕಿ ಬಿದ್ದಿತ್ತು. ನೈಟ್ರೇಟ್ ಫಿಲ್ಮಿನಲ್ಲಿ ಚಿತ್ರ ಬೆಳ್ಳಿಯಂತೆ ಹೊಳೆಯುತ್ತದೆ, ಹತ್ತಿಕೊಂಡರೆ ನೀರಿಗೂ ಆರುವುದಿಲ್ಲ. 1964ರಲ್ಲಿ ಶುರುವಾದ ಆ ಸಂಗ್ರಹಾಲಯವನ್ನು ಪಿ.ಕೆ. ನಾಯರ್ ಊರೂರು ಅಲೆದು, ಡಬ್ಬಿ ಡಬ್ಬಿ ಕೂಡಿಸಿ ಕಟ್ಟಿದ್ದರು.

ಲಾ ಕಾಲೇಜ್ ರಸ್ತೆಯ ಆ ಸಂಗ್ರಹಾಲಯದ ಥಿಯೇಟರಿನಲ್ಲೇ ನಾನು ಗುರುದತ್ತರ 'ಬಾಜಿ'ಯನ್ನು ದೊಡ್ಡ ಪರದೆಯ ಮೇಲೆ ನೋಡಿದ್ದು. 1951ರ ಚಿತ್ರ, ಜೂಜಿನ ಅಡ್ಡೆ, ಹೊಗೆ, ಹ್ಯಾಟು. ಹಾಲಿವುಡ್ಡಿನ 'ಗಿಲ್ಡಾ'ದ ನೆರಳು ಢಾಳಾಗಿದೆ. ಅದರಲ್ಲಿ ಕ್ಯಾಮೆರಾ ಸಹಾಯಕರಾಗಿದ್ದವರು ಮೈಸೂರಿನ ವಿ.ಕೆ. ಮೂರ್ತಿ. ಒಂದು ಕಷ್ಟದ ಕನ್ನಡಿ ಶಾಟನ್ನು ಅವರು ತೆಗೆದ ರೀತಿ ಕಂಡು ಗುರುದತ್ತ್ ಮುಂದಿನ 'ಜಾಲ್'ನಿಂದ ಅವರನ್ನೇ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡರು. 'ಕಾಗಜ್ ಕೆ ಫೂಲ್'ನಲ್ಲಿ ಮೇಲಿನಿಂದ ಇಳಿಯುವ ಆ ಬೆಳಕಿನ ಕಂಬ ನೆನಪಿದೆಯಲ್ಲ? ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಗೆ ತಿರುಗಿಸಿದ್ದರು, ಅಷ್ಟೇ. ಮುಂಬೈ ಚಿತ್ರಗಳಿಗೆ ಈ ಕತ್ತಲು ಬೆಳಕು ಕೊಟ್ಟವರು ನಮ್ಮ ಹಾಗೆ ಕೆಲಸ ಹುಡುಕಿ ಊರು ಬಿಟ್ಟ ಕನ್ನಡಿಗರು ಎಂಬುದು, ನಿಜ ಹೇಳಬೇಕೆಂದರೆ, ನನಗೆ ನಲವತ್ತಾಗುವ ತನಕ ಗೊತ್ತಿರಲಿಲ್ಲ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಮೂರ್ತಿಯವರ ಚಿತ್ರಗಳು ಉಳಿದಿವೆ. ಕನ್ನಡದ ಮೊದಲ ಮಾತಿನ ಚಿತ್ರ, 1934ರ 'ಸತಿ ಸುಲೋಚನಾ', ಉಳಿದಿಲ್ಲ. ಅದನ್ನು ತೆಗೆದದ್ದು ಇಲ್ಲಿಂದ ನಾಲ್ಕು ಗಂಟೆ ದೂರದ ಕೊಲ್ಹಾಪುರದಲ್ಲಿ. ಧಾರವಾಡಕ್ಕೆ ಹೋಗುವಾಗ ಪ್ರತಿ ಸಲ ಆ ಊರು ದಾಟುತ್ತೇನೆ. ಯಾರೋ ಒಬ್ಬ ಹಂಚಿಕೆದಾರ ಡಬ್ಬಿ ವಾಪಸ್ ಕೊಡುವುದನ್ನು ಮರೆತಿದ್ದರೆ, ಯಾವುದೋ ಟೂರಿಂಗ್ ಟಾಕೀಸಿನವ ಅನುಮತಿ ಇಲ್ಲದೆ ಒಂದು ಪ್ರತಿ ಮಾಡಿಸಿಕೊಂಡಿದ್ದರೆ ಎಂದು ಹೈವೇ ಮೇಲೆ ಸುಮ್ಮನೆ ಲೆಕ್ಕ ಹಾಕುತ್ತೇನೆ.

2016ರಲ್ಲಿ 'ವುಮನ್ ಆನ್ ದಿ ರನ್' ಬ್ಲೂರೇ ಆಗಿ ಬಂತು. ಅಮೆರಿಕದಿಂದ ಬರುವ ಸಹೋದ್ಯೋಗಿಯ ಕೈಯಲ್ಲಿ ತರಿಸಿಕೊಂಡೆ. ಅವತ್ತು ಯಾಕೋ ಹೆಂಡತಿ ಮಲಗಲು ಹೋಗಲಿಲ್ಲ, ಸೋಫಾದ ಆ ತುದಿಯಲ್ಲಿ ಕೂತಳು. ಚಿತ್ರದಲ್ಲಿ ಗಂಡ ಒಂದು ಕೊಲೆಯನ್ನು ಕಂಡು, ಹೆದರಿ ಕಾಣೆಯಾಗುತ್ತಾನೆ. ಪೊಲೀಸರು ಹೆಂಡತಿಯನ್ನು ಅವನ ಬಗ್ಗೆ ಕೇಳಿದರೆ ಆಕೆಗೆ ಹೇಳಲು ಏನೂ ಇರುವುದಿಲ್ಲ. ಅವನಿಗೆ ಹೃದಯದ ಕಾಯಿಲೆ ಇತ್ತು ಎಂಬುದೂ ಗೊತ್ತಾಗುವುದು ಡಾಕ್ಟರಿಂದ. ಹುಡುಕುತ್ತ ಹುಡುಕುತ್ತ ಆಕೆಗೆ ಗಂಡ ಪರಿಚಯವಾಗುತ್ತಾನೆ.

ಎಪ್ಪತ್ತೇಳು ನಿಮಿಷವೂ ಇವಳು ಫೋನ್ ಮುಟ್ಟಲಿಲ್ಲ. ಮುಗಿದ ಮೇಲೆ ದೀಪ ಹಾಕಲು ಎದ್ದೆ.

'ನಾ ಹಿಂಗ ಒಂದಿನ ಕಾಣಲಾರ್ದಂಗ ಆದ್ರ ಪೊಲೀಸರಿಗೆ ಏನ್ ಹೇಳ್ತೀರಿ?' ಅಂದಳು. 'ನನ್ನ ಬ್ಲಡ್ ಗ್ರೂಪರ ಗೊತ್ತದನ?'

ನಾನು ಬಿ ಪಾಸಿಟಿವ್ ಅಂದೆ.

'ಅದು ನಿಮ್ದು' ಅಂದಳು.