ಸೆಕೆಂಡ್ ಹ್ಯಾಂಡ್ ಬೂಟು, ಚಪ್ಪಲಿ: ನಂಬರ್ ಸರಿಯಿದ್ದರೆ ಸಾಕೇ?

ಸಾರಾಂಶ

ಬೇರೆಯವರು ಮೆಟ್ಟಿದ ಚಪ್ಪಲಿ ಹಾಕಿಕೊಂಡರೆ ಅವರ ಶನಿ ನಮಗೆ ಹತ್ತುತ್ತದೆ ಎಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ. ಹಾಗೆಂದು ನಂಬರ್ ಒಂದನ್ನೇ ನೋಡಿ ಕೊಳ್ಳುವುದೂ ಸರಿಯಲ್ಲ. ಕೊಳ್ಳುವ ಮುನ್ನ ಅಳತೆ, ಸೋಲ್ ಮತ್ತು ಒಳಭಾಗ ಮೂರನ್ನೂ ಪರೀಕ್ಷಿಸಬೇಕು. ಸಕ್ಕರೆ ಕಾಯಿಲೆ ಇರುವವರು ಬಳಸಿದ ಬೂಟು ಕೊಳ್ಳದಿರುವುದೇ ಒಳ್ಳೆಯದು.

ಈ ಪ್ರಶ್ನೆ ಏಕೆ?

ಬೆಂಗಳೂರಿನ ಚಿಕ್ಕಪೇಟೆ ಬಳಿ, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ನಡೆಯುವ ಭಾನುವಾರದ ಬಜಾರ್ ಹಳೆಯ ಸಾಮಾನುಗಳಿಗೆ ಹೆಸರುವಾಸಿ. ಅಲ್ಲಿ ಬಳಸಿದ ಬೂಟು, ಬೆಲ್ಟ್, ಬ್ಯಾಗ್‌ಗಳೂ ಸಿಗುತ್ತವೆ. ಚಿಕ್ಕಬಳ್ಳಾಪುರ, ಗೌರಿಬಿದನೂರಿನಿಂದ ರೈಲಿನಲ್ಲಿ, ಚಿಂತಾಮಣಿ, ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಹೋಗಿ ಕೊಂಡು ತಂದರೆ, ಮನೆಗೆ ಬಂದ ಮೇಲೆ ಬದಲಾಯಿಸಿಕೊಳ್ಳುವುದು ಕಷ್ಟ. ಹಾಗಾಗಿ ಅಲ್ಲೇ ಪರೀಕ್ಷಿಸುವುದು ಹೇಗೆಂದು ನಾವಿಲ್ಲಿ ವಿವರಿಸುತ್ತೇವೆ.

"ನನ್ನದು 8ನೇ ನಂಬರ್" ಎಂದರೆ ಸಾಕೇ?

ಸಾಲದು. ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು 8.5 ಮಿ.ಮೀ. ಅಂತರವಿದ್ದರೆ, ಯುರೋಪಿನ ಅಳತೆಯಲ್ಲಿ ಸುಮಾರು 6.7 ಮಿ.ಮೀ. ಮಾತ್ರ. ಬ್ರಿಟಿಷ್ 8 ಯುರೋಪಿನ 42ಕ್ಕೆ ಹತ್ತಿರ. ಅಮೆರಿಕದ ಗಂಡಸರ ಅಳತೆಯಲ್ಲಿ ಅದೇ ಸಾಮಾನ್ಯವಾಗಿ 9. ಯಾವ ದೇಶದ ನಂಬರ್ ಎಂದು ತಿಳಿಯದೆ ಕೊಂಡರೆ ಬೆರಳು ಒತ್ತುವುದು ಖಚಿತ.

ಇನ್ನೊಂದು ಸಮಸ್ಯೆ ಅಗಲದ್ದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆಯಿತು. ಭಾರತೀಯರ ಪಾದ ಯುರೋಪ್, ಅಮೆರಿಕದವರ ಪಾದಕ್ಕಿಂತ ಅಗಲವೆಂದು ಕಂಡುಬಂತು. 'ಭಾ' ಎಂಬ ಹೊಸ ಭಾರತೀಯ ಅಳತೆಯ ಪ್ರಸ್ತಾಪ ಬಂದದ್ದು ಇದರಿಂದಲೇ. ಹೊರದೇಶದ ಹಳೆಯ ಬೂಟು ಉದ್ದಕ್ಕೆ ಸರಿಹೊಂದಿದರೂ ಪಕ್ಕದಲ್ಲಿ ಹಿಡಿಯುವುದು ಇದೇ ಕಾರಣಕ್ಕೆ.

ಅಳತೆ ತೆಗೆಯುವುದು ಹೇಗೆ?

• ಸಂಜೆ ಅಳೆಯಿರಿ. ದಿನವಿಡೀ ನಿಂತು, ನಡೆದಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ.
• ಕಾಗದದ ಮೇಲೆ ನಿಂತು ಎರಡೂ ಪಾದಗಳ ಸುತ್ತ ಗೆರೆ ಎಳೆಯಿರಿ. ಎರಡೂ ಒಂದೇ ಅಳತೆ ಇರಬೇಕೆಂದಿಲ್ಲ. ದೊಡ್ಡದನ್ನೇ ಲೆಕ್ಕಕ್ಕೆ ಹಿಡಿಯಿರಿ.
• ಆ ಕಾಗದವನ್ನು ಕತ್ತರಿಸಿ ಬಜಾರಿಗೆ ಒಯ್ಯಿರಿ. ಬೂಟಿನ ಒಳ ಅಟ್ಟೆ ಹೊರಬರುವಂತಿದ್ದರೆ ಅದರ ಮೇಲಿಟ್ಟು ನೋಡಿ. ಉದ್ದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಇರಬೇಕು; ಪಕ್ಕದಲ್ಲಿ ಕಾಗದ ಹೊರಚಾಚಬಾರದು.
• ಎರಡೂ ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆಯಿರಿ.

"ಚರ್ಮದ್ದಲ್ಲವೇ, ಹಿಗ್ಗುತ್ತದೆ" ಎನ್ನುವುದು ನಿಜವೇ?

ಅರ್ಧ ನಿಜ. ಚರ್ಮ ಅಗಲದಲ್ಲಿ ತುಸು ಸಡಿಲಗೊಳ್ಳುತ್ತದೆ. ಬೂಟಿನ ಉದ್ದ ಹೆಚ್ಚುವುದಿಲ್ಲ. ಅಲ್ಲದೆ, ಬಳಸಿದ ಬೂಟು ಮೊದಲಿನವರ ಪಾದಕ್ಕೆ ಹೊಂದಿಕೊಂಡಿರುತ್ತದೆ. ಸಮತಟ್ಟಾದ ಜಾಗದಲ್ಲಿಟ್ಟು ಹಿಂದಿನಿಂದ ನೋಡಿ. ಒಂದು ಬದಿಗೆ ವಾಲಿದ್ದರೆ ಬೇಡ.

ಹಾಕದೇ ಇಟ್ಟ ಹಳೆಯ ಬೂಟು ಹೊಸದರಂತೆಯೇ?

ಯಾವಾಗಲೂ ಅಲ್ಲ. ಪಾಲಿಯುರೆಥೇನ್ ಸೋಲ್ ಗಾಳಿಯ ತೇವಾಂಶದಿಂದ ನಿಧಾನವಾಗಿ ಒಡೆಯುತ್ತದೆ. ಸೆಕೆ ಇದ್ದರೆ ಇನ್ನೂ ಬೇಗ. ಪೆಟ್ಟಿಗೆಯಲ್ಲೇ ವರ್ಷಗಟ್ಟಲೆ ಇದ್ದ ಬೂಟಿನ ಸೋಲ್ ನಾಲ್ಕು ಹೆಜ್ಜೆಗೇ ಪುಡಿಯಾಗಬಹುದು. ಕೊಳ್ಳುವ ಮುನ್ನ ಬೂಟನ್ನು ಬಗ್ಗಿಸಿ, ಸೋಲನ್ನು ಉಗುರಿನಿಂದ ಒತ್ತಿ ನೋಡಿ. ಅಂಟಂಟಾಗಿದ್ದರೆ, ಬಿರುಕಿದ್ದರೆ ಬಿಟ್ಟುಬಿಡಿ. ಬೆಲ್ಟ್, ಬ್ಯಾಗ್‌ಗಳನ್ನೂ ಹೀಗೆಯೇ ಬಗ್ಗಿಸಿ ನೋಡಿ. ರೆಕ್ಸಿನ್ ಆದರೆ ಮಡಿಕೆಯಲ್ಲಿ ಪದರ ಏಳುತ್ತದೆ. ಬೆಲ್ಟನ್ನು ಬಕಲ್‌ನಿಂದ ನಡುವಿನ ತೂತಿನವರೆಗೆ ಅಳೆಯಿರಿ, ತುದಿಯವರೆಗಲ್ಲ.

ರೋಗ ಹರಡುತ್ತದೆಯೇ?

ಹರಡಬಹುದು. ಬೆರಳ ಸಂದಿಯ ಹುಳುಕು, ಉಗುರಿನ ಸೋಂಕು ತರುವ ಶಿಲೀಂಧ್ರಗಳು ಉದುರಿದ ಚರ್ಮದ ಚೂರುಗಳಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು. ಬಿಸಿಲಿಗಿಟ್ಟರೆ ತೇವ ಆರುತ್ತದೆ, ಆದರೆ ಶಿಲೀಂಧ್ರವೆಲ್ಲ ಸಾಯುವ ಖಾತ್ರಿಯಿಲ್ಲ. ಕಡು ಬಿಸಿಲಿಗೆ ಚರ್ಮವೂ ಬಿರುಕು ಬಿಡುತ್ತದೆ. ಒಳ ಅಟ್ಟೆ ಹೊಸದು ಹಾಕಿಸಿ, ಒಳಗೆ ಒರೆಸಿ, ಗಾಳಿಯಾಡುವಲ್ಲಿ ಪೂರ್ತಿ ಒಣಗಿಸಿ, ಶಿಲೀಂಧ್ರನಾಶಕ ಪುಡಿ ಹಾಕಿ, ಕಾಲುಚೀಲದೊಂದಿಗೇ ಧರಿಸಿ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿರುವಂತೆ ನೀರಿನ ನಡುವೆ ಕೆಲಸ ಮಾಡುವವರಿಗೆ ಕಾಲು ಒದ್ದೆಯಾಗಿದ್ದರೆ ಸೋಂಕಿನ ಸಾಧ್ಯತೆ ಹೆಚ್ಚು. ಅವರು ಬೆರಳ ಸಂದಿ ಒರೆಸಿಕೊಂಡೇ ಬೂಟು ಹಾಕಬೇಕು.

ಯಾರು ಕೊಳ್ಳಲೇಬಾರದು?

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಗ್ಗಿದವರು. ಬಿಗಿ ಬೂಟು ಕಚ್ಚಿದರೂ ಅವರಿಗೆ ನೋವು ತಿಳಿಯುವುದಿಲ್ಲ. ಸಣ್ಣ ಗುಳ್ಳೆ ಹುಣ್ಣಾಗಿ, ಸೋಂಕು ಮೂಳೆಗಿಳಿದು, ಬೆರಳನ್ನೋ ಪಾದವನ್ನೋ ಕತ್ತರಿಸುವ ಸ್ಥಿತಿ ಬರಬಹುದು. ಇವರಿಗೆ ವೈದ್ಯರು ಸೂಚಿಸುವ ಮೃದು ಎಂಸಿಆರ್ ಚಪ್ಪಲಿಯೇ ಸೂಕ್ತ. ದಿನವೂ ಪಾದ ನೋಡಿಕೊಳ್ಳಬೇಕು. ಗಾಯ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮನೆಯ ಹಿರಿಯರಿಗೆಂದು ಅಗ್ಗದ ಬೂಟು ತರುವ ಮಕ್ಕಳು ನೆನಪಿಡಬೇಕಾದದ್ದು ಇದನ್ನೇ.