ಹೂವಿನ ಕಾಲಪಟ್ಟಿ ಬರೆದ ಕ್ರುಂಬಿಗಲ್

ಹೊನ್ನಾವರ ತಾಲ್ಲೂಕಿನ ಅಪ್ಸರಕೊಂಡದ ಗುಡ್ಡದ ಮೇಲೆ ನಿಂತರೆ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಕಾಡು. ಈ ಕಾಡಿನಲ್ಲಿ ಯಾವ ಮರ ಎಲ್ಲಿರಬೇಕೆಂದು ಯಾರೂ ಯೋಜನೆ ಹಾಕಲಿಲ್ಲ. ಮಣ್ಣು, ಮಳೆ, ಹಕ್ಕಿಗಳೇ ಅದನ್ನು ನಿರ್ಧರಿಸಿದವು. ನಗರದ ಸಾಲುಮರಗಳ ಕಥೆ ಹಾಗಲ್ಲ. ಅಲ್ಲಿ ಪ್ರತಿ ಮರದ ಹಿಂದೆ ಯಾರದೋ ಆಯ್ಕೆ ಇರುತ್ತದೆ. ಬೆಂಗಳೂರಿನಲ್ಲಿ ಈ ಆಯ್ಕೆಗೆ ಶಾಸ್ತ್ರೀಯ ನೆಲೆ ಒದಗಿಸಿದವರಲ್ಲಿ ಪ್ರಮುಖರು ಭೂದೃಶ್ಯ ವಿನ್ಯಾಸಕ ಗುಸ್ತಾವ್ ಹರ್ಮನ್ ಕ್ರುಂಬಿಗಲ್.

ಕ್ರುಂಬಿಗಲ್ 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿಯ ಲೋಮನ್‌ನಲ್ಲಿ ಜನಿಸಿದರು. ಇಂಗ್ಲೆಂಡಿನ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡ ಸಂಸ್ಥಾನಕ್ಕೆ ಬಂದರು. 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದಲ್ಲಿ ಜಾನ್ ಕ್ಯಾಮರಾನ್ ಅವರ ನಂತರ ಲಾಲ್‌ಬಾಗ್‌ನ ಹೊಣೆ ಹೊತ್ತು, 1932ರಲ್ಲಿ ನಿವೃತ್ತರಾದರು. 1956ರಲ್ಲಿ ಬೆಂಗಳೂರಿನಲ್ಲೇ ನಿಧನರಾದರು.

ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಮುಖ್ಯ ಕಲ್ಪನೆ 'ಸರಣಿ ಹೂ ಬಿಡುವಿಕೆ'. ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಜಾತಿ ಹೂ ಬಿಡಬೇಕು. ವರ್ಷವಿಡೀ ನಗರದ ಯಾವುದಾದರೂ ಬೀದಿ ಹೂವಿನಿಂದ ತುಂಬಿರಬೇಕು. ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಹೊಸದೆನಿಸದು. ಮೂರು ಫೇಸ್ ವಿದ್ಯುತ್ತಿನಲ್ಲಿ ಒಂದರ ವೋಲ್ಟೇಜ್ ಇಳಿಯುವಾಗ ಇನ್ನೊಂದರದು ಏರುತ್ತದೆ. ಆವರ್ತಕಾಲ ಒಂದೇ, ಪ್ರಾವಸ್ಥೆ ಬೇರೆ. ಮರಗಳ ಆವರ್ತಕಾಲ ಒಂದು ವರ್ಷ. ಬೆಂಗಳೂರಿನಲ್ಲಿ ಜಕರಂಡ ಮಾರ್ಚ್ ಸುಮಾರಿಗೆ, ಗುಲ್‌ಮೊಹರ್ ಏಪ್ರಿಲ್-ಮೇ ತಿಂಗಳಲ್ಲಿ, ಆಕಾಶಮಲ್ಲಿಗೆ ಮಳೆಗಾಲ ಕಳೆದ ಮೇಲೆ ಅರಳುತ್ತವೆ.

ಹೇಳಲು ಸುಲಭವಾದರೂ ಮಾಡಲು ಇದು ಕಷ್ಟದ ಕೆಲಸ. ಹಗಲಿನ ಅವಧಿ, ಉಷ್ಣತೆ, ಮಣ್ಣಿನ ತೇವಾಂಶ ಇವೆಲ್ಲ ಹೂ ಬಿಡುವ ಕಾಲವನ್ನು ಪ್ರಭಾವಿಸುತ್ತವೆ. ಜಕರಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್‌ನದು. ಪರದೇಶದ ಮರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಯಾವಾಗ ಅರಳುತ್ತದೆಂದು ತಿಳಿಯಲು ಅದನ್ನು ಬೆಳೆಸಿಯೇ ನೋಡಬೇಕು. ಅದಕ್ಕೆ ವರ್ಷಗಳೇ ಬೇಕು. ಲಾಲ್‌ಬಾಗ್ ಇಂಥ ಪರೀಕ್ಷೆಗಳ ಪ್ರಯೋಗಶಾಲೆಯಾಗಿತ್ತು.

ಇಂದು ಕಾಣುವ ಮರಗಳೆಲ್ಲ ಕ್ರುಂಬಿಗಲ್ ಕಾಲದವಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರ ನೇತೃತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ವಿನ್ಯಾಸಕ ಹೋದ ಮೇಲೂ ವಿನ್ಯಾಸ ಉಳಿಯಬೇಕಾದರೆ ಹೀಗೆ ಮುಂದುವರಿಸುವವರು ಬೇಕು.

ರಸ್ತೆ ಅಗಲಿಸಲು ಮರ ಕಡಿದಾಗ ಬದಲಿಗೆ ಎಷ್ಟು ಸಸಿ ನೆಟ್ಟೆವೆಂದು ಲೆಕ್ಕ ಕೊಡುತ್ತೇವೆ. ಯಾವ ತಿಂಗಳ ಹೂ ಇಲ್ಲವಾಯಿತು ಎಂದು ಕೇಳುವುದಿಲ್ಲ. ಜೇನುನೊಣಕ್ಕೂ ಸೂರಕ್ಕಿಗೂ ಆ ತಿಂಗಳು ಉಪವಾಸದ ತಿಂಗಳಾಗಬಹುದು.

ಶಾಲೆಯ ಸುತ್ತಲಿನ ಮರಗಳ ಮೊದಲ ಹೂ ಮತ್ತು ಕೊನೆಯ ಹೂವಿನ ದಿನಾಂಕಗಳನ್ನು ವಿದ್ಯಾರ್ಥಿಗಳಿಂದ ಬರೆಸಿಡಿ. ವರ್ಷದ ಕೊನೆಗೆ ಹನ್ನೆರಡು ಕಂಬಸಾಲುಗಳ ಪಟ್ಟಿ ಸಿದ್ಧವಾಗುತ್ತದೆ. ಅದರಲ್ಲಿ ಖಾಲಿ ಉಳಿದ ತಿಂಗಳಿಗೆ ಹೊಂದುವ ಸ್ಥಳೀಯ ಮರ ಯಾವುದೆಂದು ಹುಡುಕಿ, ಮುಂದಿನ ಮಳೆಗಾಲದಲ್ಲಿ ಅದನ್ನೇ ನೆಡಿ.