ಸಿಡಿಬಂಡಿ ಉತ್ಸವ (ಬಳ್ಳಾರಿ)

ಸಿಡಿಬಂಡಿ ಉತ್ಸವವು ಬಳ್ಳಾರಿ ನಗರದ ಅಧಿದೇವತೆ ಕನಕದುರ್ಗಮ್ಮನ ವಾರ್ಷಿಕ ಜಾತ್ರೆಯ ಪ್ರಮುಖ ಆಚರಣೆಯಾಗಿದೆ. ಬೇಸಿಗೆ ಕಾಲಿಡುವ ಮಾರ್ಚ್ ತಿಂಗಳಿನಲ್ಲಿ, ಸಾಮಾನ್ಯವಾಗಿ ಒಂದು ಮಂಗಳವಾರ ಇದು ನಡೆಯುತ್ತದೆ.

ಆಚರಣೆ

ಅಲಂಕರಿಸಿದ ಬಂಡಿಗೆ ಎತ್ತುಗಳನ್ನು ಹೂಡಿ ದೇವಾಲಯದ ಸುತ್ತ ಮೂರು ಪ್ರದಕ್ಷಿಣೆ ಹಾಕಿಸಲಾಗುತ್ತದೆ. ಭಕ್ತರು ಬಂಡಿಯತ್ತ ಬಾಳೆಹಣ್ಣು ಎಸೆಯುತ್ತಾರೆ. ಹರಕೆ ಹೊತ್ತವರಲ್ಲಿ ಕೆಲವರು ಕೋಳಿಗಳನ್ನು ತೂರುವುದೂ ಉಂಟು. ಸುತ್ತಮುತ್ತಲ ಹಳ್ಳಿಗಳಿಂದಲೂ, ನೆರೆಯ ಆಂಧ್ರಪ್ರದೇಶದಿಂದಲೂ ಜನ ಬರುತ್ತಾರೆ.

ಸಿಡಿಯ ಹಿನ್ನೆಲೆ

ಬಂಡಿಯ ಹೆಸರಿನಲ್ಲಿರುವ ‘ಸಿಡಿ’ ಒಂದು ಕಠೋರ ಹರಕೆಯನ್ನು ನೆನಪಿಸುತ್ತದೆ. ನೆಟ್ಟ ಕಂಬದ ಮೇಲೆ ಉದ್ದನೆಯ ತೊಲೆಯೊಂದನ್ನು ತಿರುಗುವಂತೆ ಕೂಡಿಸಿ, ಅದರ ತುದಿಯ ಕೊಕ್ಕೆಯನ್ನು ಹರಕೆಯವರ ಬೆನ್ನಿನ ಚರ್ಮಕ್ಕೆ ಸಿಕ್ಕಿಸಿ ಮೇಲೆತ್ತುವುದೇ ಸಿಡಿ ಆಡುವುದು. ಬಾವಿಯಿಂದ ನೀರೆತ್ತುವ ಏತವನ್ನು ಬಲ್ಲವರಿಗೆ ಇದರ ರಚನೆ ಸುಲಭವಾಗಿ ಅರ್ಥವಾಗುತ್ತದೆ. 16ನೆಯ ಶತಮಾನದ ಆರಂಭದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಲೇಖಕ ಡುವಾರ್ಟೆ ಬಾರ್ಬೋಸಾ ಕೂಡ ಏತದ ಹೋಲಿಕೆಯನ್ನೇ ಕೊಟ್ಟಿದ್ದಾನೆ. ಅವನು ವರ್ಣಿಸಿದ್ದು ಎತ್ತಿನ ಬಂಡಿಯ ಮೇಲೆ ಕಟ್ಟಿದ ಸಿಡಿಯನ್ನು. ಅದರಲ್ಲಿ ನೇತಾಡುತ್ತಿದ್ದವಳು ಮದುವೆಗೆ ಮುನ್ನ ಹರಕೆ ತೀರಿಸುವ ಕನ್ಯೆ. ಬಳ್ಳಾರಿಯ ನೆರೆಯಲ್ಲೇ ಇರುವ ಹಂಪಿಯ ರಾಜ್ಯದಲ್ಲಿ ‘ಸಿಡಿ’ ಮತ್ತು ‘ಬಂಡಿ’ ಐದು ಶತಮಾನಗಳ ಹಿಂದೆಯೇ ಒಂದಾಗಿದ್ದವು ಎಂಬುದಕ್ಕೆ ಈ ವರ್ಣನೆ ಸಾಕ್ಷಿ. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆಯೂ ಸಿಡಿಯನ್ನು ಉಲ್ಲೇಖಿಸಿದ್ದಾನೆ.

19ನೆಯ ಶತಮಾನದ ವರದಿಗಳಲ್ಲಿ ಚಿತ್ರ ಬೇರೆಯಾಗುತ್ತದೆ. ಹರಕೆ ಉಳ್ಳವರದು, ಕೂಲಿಗಾಗಿ ಕೊಕ್ಕೆಗೆ ಬೆನ್ನೊಡ್ಡುವವರು ಬಡವರು ಎಂಬಂಥ ಪ್ರಸಂಗಗಳೂ ಇದ್ದವು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು (1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು). ಸಿಡಿಯನ್ನು ನಿಲ್ಲಿಸಬೇಕೆ, ಧಾರ್ಮಿಕ ವಿಷಯವೆಂದು ಬಿಡಬೇಕೆ ಎಂಬ ಚರ್ಚೆ ಆ ಪ್ರಾಂತ್ಯದಲ್ಲಿ 1890ರ ದಶಕದಲ್ಲಿ ತೀವ್ರವಾಗಿತ್ತು. ಕಾಲಕ್ರಮೇಣ ಹಲವು ಊರುಗಳಲ್ಲಿ ಮನುಷ್ಯನ ಬದಲು ಗೊಂಬೆಯನ್ನೋ ಕುರಿಯನ್ನೋ ಕಟ್ಟಿ ಹರಕೆ ಸಲ್ಲಿಸುವ ರೂಢಿ ಬಂದಿತು. ಸಿಡಿಬಂಡಿಯನ್ನು ಕೇವಲ ವಿನೋದದ ಮೆರವಣಿಗೆಯೆಂದು ನೋಡುವವರು ಈ ಇತಿಹಾಸವನ್ನು ಮರೆಯುತ್ತಾರೆ.

ಇತರ ಉತ್ಸವಗಳೊಂದಿಗೆ ಹೋಲಿಕೆ

ಜಪಾನಿನ ಫುಕುವೊಕಾ ನಗರದ ಹಕಾಟ ಗಿಯೋನ್ ಯಾಮಕಾಸ ಉತ್ಸವದಲ್ಲಿ, ಜುಲೈ 15ರ ಬೆಳಗಿನ 4.59ಕ್ಕೆ ಆರಂಭಿಸಿ, ಸುಮಾರು ಒಂದು ಟನ್ ತೂಕದ ಅಡ್ಡೆಗಳನ್ನು ಹೆಗಲ ಮೇಲೆ ಹೊತ್ತು ಓಡುತ್ತಾರೆ; ಪ್ರತಿ ತಂಡದ ಓಟದ ಸಮಯವನ್ನೂ ಅಳೆಯುತ್ತಾರೆ. ಸಿಡಿಬಂಡಿಯಲ್ಲಿ ಲೆಕ್ಕಕ್ಕೆ ಬರುವುದು ಪ್ರದಕ್ಷಿಣೆ ಮಾತ್ರ. ಕುರುಗೋಡಿನಲ್ಲಿ ಹೋಳಿ ಹುಣ್ಣಿಮೆಯಂದು ನಡೆಯುವ ದೊಡ್ಡಬಸವೇಶ್ವರ ರಥೋತ್ಸವದ ಬಗೆ ಇನ್ನೊಂದು: ಅಲ್ಲಿ ತೇರಿಗೆ ಎತ್ತುಗಳನ್ನು ಹೂಡುವುದಿಲ್ಲ, ಭಕ್ತರೇ ಹಗ್ಗ ಹಿಡಿದು ಎಳೆಯುತ್ತಾರೆ.